ಯಂತ್ರದ ಚಪ್ಪಲಿಯೊಳಗಿನ ಮಣ್ಣು

ಸೊನೋರಾದ ಮರುಭೂಮಿಯಲ್ಲಿ ಚಿನ್ನ ಹುಡುಕುವವರಿಗೆ ಮೊದಲು ಸವೆಯುವುದು ಕಾಲಲ್ಲ, ಯಂತ್ರದ ತಟ್ಟೆ. ಕೋಲಿನ ತುದಿಯ ಆ ಅಗಲವಾದ ತಟ್ಟೆಯನ್ನು ದಿನವಿಡೀ ಕಲ್ಲುಮುಳ್ಳಿನ ಮೇಲೆ ಅತ್ತಿಂದಿತ್ತ ಸವರುತ್ತ ನಡೆಯಬೇಕು. ನೆಲದಡಿ ಲೋಹವಿದ್ದರೆ ಯಂತ್ರ ಕೂಗುತ್ತದೆ. ತಟ್ಟೆ ಬಿರುಕು ಬಿಟ್ಟಿತೋ, ಏನೂ ಇಲ್ಲದಲ್ಲೂ ಕೂಗುತ್ತದೆ. ಅದಕ್ಕೇ ಅದರ ತಳಕ್ಕೊಂದು ಪ್ಲಾಸ್ಟಿಕ್ ಹೊದಿಕೆ ಬೇಕು. ಪೋಸೊ ಪ್ರಿಯೆಟೊ ಊರಿನವರು ಅದನ್ನು ಚಪ್ಪಲಿ ಎನ್ನುತ್ತಿದ್ದರು. ಊರಿನ ಅಷ್ಟೂ ಯಂತ್ರಗಳಿಗೆ ಚಪ್ಪಲಿ ಮಾಡುತ್ತಿದ್ದವನು ರೆಫುಹಿಯೊ ಬೋರ್ಕೆಸ್.

ಎರಡು ವರ್ಷದ ಹಿಂದಿನವರೆಗೆ ಅವನೂ ಯಂತ್ರ ಹಿಡಿದು ಅಲೆದವನೇ. ಒಂದು ದಿನ ಹಳೆಯ ಗಣಿಯ ಬಾವಿಯೊಂದಕ್ಕೆ ಬಿದ್ದು ಸೊಂಟ ಮುರಿಯಿತು. ಅಂದಿನಿಂದ ಅಂಗಳದ ಮೆಸ್ಕೀಟ್ ಮರದಡಿ ಕೂತು ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಸೀಳುತ್ತಿದ್ದ. ಸೀಳಿದ ತುಂಡನ್ನು ಕೆಂಡದ ಮೇಲಿನ ತಗಡಿನಲ್ಲಿಟ್ಟು, ಅದು ರೊಟ್ಟಿಯಂತೆ ಮೆತ್ತಗಾಗುತ್ತಲೇ ಮರದ ಅಚ್ಚಿನ ಮೇಲೆ ಹಾಕಿ ಚರ್ಮದ ಕೈಗವಸಿನಿಂದ ಅದುಮುತ್ತಿದ್ದ. ಆರುವಾಗ ಅದು ಕುಗ್ಗಿ ಬಿಗಿಯಾಗುತ್ತಿತ್ತು. ಮೊಳೆ ಇಲ್ಲ, ತಿರುಪು ಇಲ್ಲ. ಒಂದು ಚೂರು ಕಬ್ಬಿಣ ಇದ್ದರೂ ಯಂತ್ರ ಅದನ್ನೇ ಹಿಡಿದು ಅರಚುತ್ತದೆ. ಸವೆದ ಚಪ್ಪಲಿ ತಂದವರಿಗೆ ತಳ ನೋಡಿಯೇ ಹೇಳುತ್ತಿದ್ದ: "ಎಡಗಡೆ ಜಾಸ್ತಿ ಒತ್ತೀಯ. ನೆಲ ಗುಡಿಸೋ ಹಾಗೆ ಆಡಿಸ್ಬೇಡ, ಮಗೂನ ಸವರೋ ಹಾಗೆ ಆಡಿಸು."

ಬಾವಿಗೆ ಬಿದ್ದ ದಿನ ಅವನನ್ನು ಮೇಲೆತ್ತಿ, ಬೆನ್ನ ಮೇಲೆ ಹೊತ್ತು ಉರಿಬಿಸಿಲಲ್ಲಿ ನಾಲ್ಕು ಗಂಟೆ ನಡೆದು ದಾರಿ ಮುಟ್ಟಿಸಿದವನು ನಾಬೋರ್. ರೆಫುಹಿಯೊನ ಮಗಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡು ನಿಂತವನೂ ಅವನೇ. ಜ್ಞಾನಸ್ನಾನದ ಆ ದಿನದಿಂದ ಮಗುವಿನ ಅಪ್ಪನೂ ಜ್ಞಾನಪಿತನೂ ಒಬ್ಬರಿಗೊಬ್ಬರು ಕೊಂಪಾದ್ರೆ. ಏಕವಚನ ಎಂದೂ ಬಳಸಿದವರಲ್ಲ.

ಆಸ್ಪತ್ರೆಯಲ್ಲಿ ತಾನಿನ್ನು ಉಳಿಯುವುದಿಲ್ಲ ಅನ್ನಿಸಿದಾಗ ರೆಫುಹಿಯೊ ಅಪ್ಪನಿಂದ ಬಂದ ಗುಟ್ಟೊಂದನ್ನು ನಾಬೋರನ ಕಿವಿಯಲ್ಲಿ ಹೇಳಿದ್ದ: ಕಪ್ಪುಗುಡ್ಡದ ಹಿಂದೆ ಒಣಹಳ್ಳವೊಂದರ ತಿರುವು. ಅಲ್ಲಿಯ ಕೆಂಪು ಮಣ್ಣಿನಲ್ಲಿ ಹಸಿರು ಹುಡಿ ಮಿನುಗುತ್ತದೆ. ಗಿಳಿಮಣ್ಣು ಅಂತ ಅಪ್ಪ ಕರೆಯುತ್ತಿದ್ದ. ಅಂಥದ್ದು ಆ ಸೀಮೆಯಲ್ಲಿ ಇನ್ನೆಲ್ಲೂ ಇಲ್ಲ. ಮನೆಗೆ ಬೇಕಾದಷ್ಟು ಚಿನ್ನ ಮಾತ್ರ ತೆಗೆದು ಗುಂಡಿ ಮುಚ್ಚಿ ಬರಬೇಕು ಅಂತ ಅಪ್ಪ ಕಲಿಸಿದ್ದ. "ನಾನು ಬದುಕಿದ್ರೆ ಒಟ್ಟಿಗೆ ಹೋಗೋಣ. ಸತ್ರೆ ನನ್ನ ಹೆಂಡ್ತಿ ತೋಮಾಸಾಗೆ ಅರ್ಧ ಕೊಡಿ," ಎಂದಿದ್ದ. ನಾಬೋರ್ ಮಗುವಿನ ಹೆಸರಲ್ಲಿ ಆಣೆ ಇಟ್ಟಿದ್ದ.

ರೆಫುಹಿಯೊ ಬದುಕಿದ. ಮನೆಗೆ ಬಂದ ಮೇಲೆ ಕೇಳಿದ್ದಕ್ಕೆ ನಾಬೋರ್ ತಲೆಯಾಡಿಸಿ, "ಹೋಗಿದ್ದೆ ಕೊಂಪಾದ್ರೆ. ಹೋದ ವರ್ಷದ ನೆರೆ ಎಲ್ಲಾ ತೊಳ್ಕೊಂಡು ಹೋಗಿದೆ. ಬರೀ ಬಂಡೆ," ಎಂದ. ರೆಫುಹಿಯೊ ನಂಬಿದ. ತನ್ನನ್ನು ಹೊತ್ತು ತಂದವನ ಮಾತನ್ನು ನಂಬದಿರುವುದು ಹೇಗೆ?

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾಬೋರ್ ಯಂತ್ರ ತಂದ. "ಸುಮ್‌ಸುಮ್ನೆ ಕೂಗ್ತಾ ಇದೆ. ಸ್ವಲ್ಪ ನೋಡಿ. ನಾನು ಅಂಗಡಿಗೆ ಹೋಗಿ ಬರ್ತೀನಿ."

ರೆಫುಹಿಯೊ ಚಪ್ಪಲಿಯ ಅಂಚಿಗೆ ಚಾಕು ಹಾಕಿ ಮೀಟಿದ. ತಟ್ಟೆಗೂ ಚಪ್ಪಲಿಗೂ ನಡುವೆ ಮಣ್ಣು ನುಗ್ಗಿ ಬಿಸ್ಕತ್ತಿನಂತೆ ಗಟ್ಟಿಯಾಗಿ ಕೂತಿತ್ತು. ಕಪ್ಪು ಕಬ್ಬಿಣದ ಮರಳು ಬೆರೆತ ಕೆಂಪು ಮಣ್ಣು. ಯಂತ್ರ ಅರಚುತ್ತಿದ್ದದ್ದು ಅದಕ್ಕೇ. ಬೆರಳಿನಿಂದ ಉಜ್ಜಿದಾಗ ಬಿಸಿಲಿಗೆ ಹಸಿರು ಹುಡಿ ಮಿನುಗಿತು. ಅವನು ಇನ್ನಷ್ಟು ಕೆರೆದ. ಅದು ಒಂದು ದಿನದ ಮಣ್ಣಲ್ಲ. ಚಪ್ಪಲಿ ಕೊಟ್ಟು ಒಂಬತ್ತು ತಿಂಗಳಾಗಿತ್ತು, ಒಂಬತ್ತು ತಿಂಗಳ ಮಣ್ಣೂ ಪದರ ಪದರವಾಗಿ ಅಲ್ಲಿತ್ತು. ಗುರುತು ಸಿಗದಂತೆ ಬೂಟು, ಗಾಡಿಯ ಚಕ್ರ ಎಲ್ಲ ತೊಳೆಯುತ್ತಿದ್ದ ನಾಬೋರನಿಗೆ ಚಪ್ಪಲಿ ಬಿಚ್ಚಿ ನೋಡುವುದು ಹೊಳೆದಿರಲಿಲ್ಲ.

ನಾಬೋರ್ ಬಂದಾಗ ಆ ಮಣ್ಣಿನ ಹೆಂಟೆ ಮೇಜಿನ ಮೇಲಿತ್ತು.

"ಬರೀ ಬಂಡೆ ಅಂದ್ರಲ್ಲ, ಕೊಂಪಾದ್ರೆ."

ನಾಬೋರ್ ಟೋಪಿ ತೆಗೆದು ಹಣೆ ಒರೆಸಿಕೊಂಡ. ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ. "ನಿಮಗೆ ಅಲ್ಲಿಗೆ ನಡ್ಯೋಕಾಗುತ್ತಾ? ಆ ಜಾಗ ಇಟ್ಕೊಂಡು ನೀವೇನು ಮಾಡ್ತಿದ್ರಿ?"

"ನಾನು ಅರ್ಧ ಕೇಳಿದ್ದೆ."

"ನಾಲ್ಕು ಗಂಟೆ ಹೊತ್ತಿದೀನಿ. ನನ್ನ ಬೆನ್ನು ಇವತ್ತಿಗೂ ನೆಟ್ಟಗಾಗಿಲ್ಲ. ಅದಕ್ಕೇನೂ ಇಲ್ವಾ?"

"ಹೊರದೇ ಇದ್ದಿದ್ರೂ ನಿನಗೆ ಅರ್ಧ ಕೊಡ್ತಿದ್ದೆ," ಎಂದ ರೆಫುಹಿಯೊ.

'ನಿನಗೆ' ಎಂಬುದು ಇಬ್ಬರಿಗೂ ಕೇಳಿಸಿತು. ನಾಬೋರ್ ಚಪ್ಪಲಿಯಿಲ್ಲದ ಯಂತ್ರವನ್ನು ಎತ್ತಿಕೊಂಡು ಹೊರಟುಹೋದ.

ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ತೋಮಾಸಾ ಬಂದು ಗಂಡನ ಪಕ್ಕ ಕೂತಳು. "ಬಾಯಿ ಮುಚ್ಕೊಂಡಿರು ಕೂಕೊ," ಎಂದಳು. ಮನೆಯಲ್ಲಿ ಅವನ ಹೆಸರು ಅದೇ. "ಸಿಟ್ಟಲ್ಲಿ ಆಡಿದ ಮಾತು ವಾಪಸ್ ಬರಲ್ಲ."

ಆದರೆ ಅವನು ಬಾಯಿ ಮುಚ್ಚಿಕೊಳ್ಳಲಿಲ್ಲ. ಶನಿವಾರ ಚಪ್ಪಲಿಗೆಂದು ಹನ್ನೊಂದು ಜನ ಅಂಗಳದಲ್ಲಿ ಸೇರಿದ್ದಾಗ ಆ ಹೆಂಟೆಯನ್ನು ಕೈಯಿಂದ ಕೈಗೆ ದಾಟಿಸಿದ. ಕಪ್ಪುಗುಡ್ಡ, ಒಣಹಳ್ಳ, ಎಷ್ಟನೆಯ ತಿರುವು, ಎಲ್ಲ ಹೇಳಿದ. ಹೇಳುವಾಗ ಎದೆ ಹಗುರಾಯಿತು. ಆ ಹಗುರ ಸಂಜೆಯವರೆಗೂ ಉಳಿಯಲಿಲ್ಲ.

ಮರುದಿನವೇ ಊರು ಗುಡ್ಡದ ಹಿಂದಕ್ಕೆ ಹೊರಟಿತು. ವಾರದೊಳಗೆ ಕಬೋರ್ಕಾ ಪಟ್ಟಣದಿಂದ ಗಾಡಿಗಳು ಬಂದವು. ಆಮೇಲೆ ಯಾರೋ ಮಣ್ಣು ಅಗೆಯುವ ದೊಡ್ಡ ಯಂತ್ರವನ್ನೇ ಇಳಿಸಿದರು. ರೆಫುಹಿಯೊನಿಗೆ ಹಿಂದೆಂದೂ ಇಲ್ಲದಷ್ಟು ಕೆಲಸ. ಚಪ್ಪಲಿಗಳು ಹದಿನೈದು ದಿನಕ್ಕೇ ಸವೆದು ಬರುತ್ತಿದ್ದವು, ಎಲ್ಲದರ ಅಂಚಿನಲ್ಲೂ ಗಿಳಿಮಣ್ಣು. ಅವನು ಅದನ್ನು ಮುಖ ತಿರುಗಿಸಿಕೊಂಡು ಕೊಡವುತ್ತಿದ್ದ.

ಜೂನಿನಲ್ಲಿ ಅಕ್ಕನ ಮಗನ ಗಾಡಿ ಹತ್ತಿ, ಊರುಗೋಲು ಹಿಡಿದು, ತಾನೇ ನೋಡಲು ಹೋದ. ತಿರುವು ಇರಲಿಲ್ಲ. ಹಳ್ಳದ ಎರಡೂ ದಡ ಕಿತ್ತು ಗುಡ್ಡೆ ಹಾಕಿದ್ದರು. ಅಪ್ಪ ಅಡಿಯಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದ ಮೆಸ್ಕೀಟ್ ಮರವನ್ನು ಸೌದೆಗೆ ಕಡಿದಿದ್ದರು. ದೊಡ್ಡ ಯಂತ್ರದವರು ಸಿಕ್ಕಿದ್ದನ್ನು ಬಾಚಿಕೊಂಡು ಆಗಲೇ ಹೊರಟುಹೋಗಿದ್ದರು.

ಗುಡ್ಡೆಗಳ ನಡುವೆ ಒಬ್ಬನೇ ಒಬ್ಬ ಬಗ್ಗಿಕೊಂಡು ತಟ್ಟೆ ಆಡಿಸುತ್ತಿದ್ದ, ನಾಬೋರ್. ಯಂತ್ರ ನಿಂತ ನಿಂತಲ್ಲೆಲ್ಲ ಅರಚುತ್ತಿತ್ತು. ಚಪ್ಪಲಿಯಿಲ್ಲದ ತಟ್ಟೆ ಒಡೆದಿದೆ ಎಂದು ರೆಫುಹಿಯೊನಿಗೆ ದೂರದಿಂದಲೇ ಗೊತ್ತಾಯಿತು. ನಾಬೋರನಿಗೂ ಗೊತ್ತಿತ್ತು; ಆದರೂ ಪ್ರತಿ ಕೂಗಿಗೂ ಮಂಡಿಯೂರಿ ಅಗೆಯುತ್ತಿದ್ದ.

ತಲೆಯೆತ್ತಿ ನೋಡಿ, "ನೋಡೋಕೆ ಬಂದ್ರಾ?" ಎಂದ. ಆಗಲೂ ಬಹುವಚನವೇ.

"ಬಂದೆ."

"ನನಗೆ ಏನೂ ಉಳಿಲಿಲ್ಲ. ನಿಮಗೇನು ಉಳೀತು?"

ರೆಫುಹಿಯೊ ಊರುಗೋಲಿನ ತುದಿಯಿಂದ ಕಾಲಬುಡದ ಕೆಂಪು ಮಣ್ಣನ್ನು ಕೆದಕಿದ. ಬಿಸಿಲಿಗೆ ಅವನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ನಾಬೋರ್ ಸೊಂಟದ ನೀರಿನ ಬುರುಡೆ ಬಿಚ್ಚಿ ಚಾಚಿದ. ರೆಫುಹಿಯೊ ಅದನ್ನು ತೆಗೆದುಕೊಂಡು ಕುಡಿದು ಹಿಂದಕ್ಕೆ ಕೊಟ್ಟ. ಆಮೇಲೆ ಗುಂಡಿಗಳ ನಡುವೆ ಊರುಗೋಲಿಗೆ ಜಾಗ ಹುಡುಕುತ್ತ, ಒಂದೊಂದೇ ಹೆಜ್ಜೆಯಿಟ್ಟು ಗಾಡಿಯ ಕಡೆಗೆ ನಡೆದ.