ಎಡಗೆನ್ನೆ

ಅವ್ವನ ಬಲಗಾಲು ಮುಗಿಸಿ ಎಡಗಾಲಿನ ಮೀನಖಂಡಕ್ಕೆ ಬಂದಿದ್ದಳು ನ್ಯಾಮಿಜಿ. ಬೆಣ್ಣೆಯನ್ನು ಅಂಗೈಯಲ್ಲಿ ಕರಗಿಸಿಕೊಂಡು ಪಾದದಿಂದ ಮೊಣಕಾಲಿನತ್ತ ತೀಡಬೇಕು. ಮೇಲಿನಿಂದ ಕೆಳಕ್ಕೆ ತೀಡಿದರೆ ಅವ್ವ ಗೊಣಗುತ್ತಾಳೆ. ಅವ್ವ ಮಿಂಜಾಳಿಗೆ ಅರವತ್ತೇಳು. ಪೊರೆ ಬಂದು ಎರಡು ಕಣ್ಣೂ ಹೋಗಿ ಒಂಬತ್ತು ವರ್ಷ. ಆದರೆ ಚರ್ಮ ಮಾತ್ರ ಈಗಷ್ಟೇ ತೊಳೆದಿಟ್ಟ ಬದನೆಕಾಯಿಯಂತೆ ಮಿರುಗುತ್ತದೆ. ದಿನಕ್ಕೆರಡು ಸಲ ಹಸುವಿನ ಬೆಣ್ಣೆ, ನಡುಹಗಲಿನಲ್ಲಿ ಮಾವಿನ ಮರದ ನೆರಳು. ಅವಳ ಗುಟ್ಟು ಇಷ್ಟೇ.

ಆ ಚರ್ಮದ ಮೇಲೆ ಓಡಾಡುತ್ತಿದ್ದ ನ್ಯಾಮಿಜಿಯ ಕೈ ಬಿಳಿಚಿಕೊಂಡು, ಕಂದು ಚುಕ್ಕೆಗಳು ತುಂಬಿ, ಗೆಣ್ಣುಗಳಲ್ಲಿ ಒಡೆದಿತ್ತು. ಅವಳಿಗೆ ಮೂವತ್ತೆಂಟು. ಕಳೆದ ತಿಂಗಳು ಮ್ವಾಂಜಾ ಪೇಟೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಇಬ್ಬರನ್ನೂ ನೋಡಿ, ಅಕ್ಕ ತಂಗಿಯರಲ್ಲಿ ದೊಡ್ಡವರು ಯಾರು ಎಂದು ಕೇಳಿದ್ದ. ಅವ್ವ ನಕ್ಕಳು, ಆಮೇಲೆ ಕೇರಿಗೆಲ್ಲ ಹೇಳಿಕೊಂಡು ಬಂದಳು. ತನ್ನ ಮೈಹೊಳಪನ್ನು ಹೊಗಳಿದ ಎಂದಷ್ಟೇ ಅವಳು ತಿಳಿದದ್ದು.

ನ್ಯಾಮಿಜಿ ಹುಟ್ಟುವಾಗಲೇ ಬಣ್ಣವಿಲ್ಲದ ಕೂಸು. ಇದು ಬದುಕುವುದಿಲ್ಲ, ಕೆರೆಯ ಕಡೆ ಬಿಟ್ಟು ಬಾ ಎಂದವರಿದ್ದರು. ಹಾಗೆ ಅಂದವರಲ್ಲಿ ಅವಳ ಅಪ್ಪನೂ ಒಬ್ಬ. ಅವ್ವ ಗಂಡನನ್ನೇ ಬಿಟ್ಟಳು. ಹೊಟ್ಟೆಯೊಳಗೆ ಸರಿಯಾಗಿ ಬೇಯದೆ ಬಂದ ಕೂಸು, ಬಿಸಿಲಿಗಿಟ್ಟರೆ ಬಣ್ಣ ಕಟ್ಟುತ್ತದೆ ಎಂದು ಯಾರೋ ಮುದುಕಿ ಹೇಳಿದಳಂತೆ. ದಿನವೂ ಬೆಣ್ಣೆ ಹಚ್ಚಿ, ಮೇಕೆಯ ತೊಗಲಿನ ಮೇಲೆ ಮಲಗಿಸಿ, ಹೊತ್ತು ನೆತ್ತಿಗೇರುವವರೆಗೂ ಕಾದು ಕೂತಳು. ಮೈ ಕೆಂಪಾದರೆ ಬಣ್ಣ ಬರುತ್ತಿದೆ ಎಂದು ಹಿಗ್ಗಿದಳು. ಬೊಬ್ಬೆ ಎದ್ದು ಚರ್ಮ ಸುಲಿದರೆ ಹಳೆಯದು ಹೋಗುತ್ತಿದೆ ಎಂದುಕೊಂಡಳು. ಮೂರು ವರ್ಷ ಒಂದು ದಿನವೂ ತಪ್ಪಿಸಲಿಲ್ಲ.

ಆರೋಗ್ಯ ಕೇಂದ್ರದ ನರ್ಸು ನ್ಯಾಮಿಜಿಗೆ ಅಗಲ ಅಂಚಿನ ಟೋಪಿ, ಬಿಸಿಲಿಗೆ ಹಚ್ಚುವ ಕ್ರೀಮು ಕೊಟ್ಟದ್ದು ಮೂವತ್ತು ತುಂಬಿದ ಮೇಲೆ. ಅಷ್ಟು ಹೊತ್ತಿಗೆ ಕೆರೆ ದಡದ ಮರಳಿನಲ್ಲಿ ಮೀನು ಒಣಗಿಸುತ್ತಾ ಅವಳೂ ಒಣಗಿದ್ದಳು. ಎಡಗೆನ್ನೆಯ ಮೇಲೆ, ಕಿವಿಯ ಹತ್ತಿರ, ತೊಗರಿಕಾಳಿನಷ್ಟಿದ್ದ ಹುಣ್ಣು ಈಗ ಹುಣಸೆಬೀಜದಷ್ಟಾಗಿದೆ. ಮುಂದಿನ ತಿಂಗಳು ದೊಡ್ಡಾಸ್ಪತ್ರೆಯಲ್ಲಿ ಕೊಯ್ಯುತ್ತಾರೆ. ಎಷ್ಟು ಆಳ ಇಳಿದಿದೆಯೋ ತೆರೆದಾಗಲೇ ಗೊತ್ತಾಗುವುದು. ಚಿಕ್ಕವಳಿದ್ದಾಗ ಬಿಸಿಲಿಗೆ ಸುಟ್ಟದ್ದೇ ಈಗ ಹೀಗೆ ಬಂದಿದೆ ಎಂದು ನರ್ಸು ಅಂದಾಗ ಅವಳು ಬಾಗಿಲತ್ತ ನೋಡಿದ್ದಳು, ಅವ್ವ ಹೊರಗೆ ಕೂತಿರಬಹುದು ಎನ್ನುವ ಹಾಗೆ. ಮನೆಯಲ್ಲಿ ಮೀನಿನ ಮುಳ್ಳು ತಾಗಿದ ಗಾಯ ಎಂದಳು. ಮೇಲೊಂದು ಹತ್ತಿಯ ಪಟ್ಟಿ.

ಈಗ ಅಣ್ಣನ ಸೊಸೆ ಕೀಜಾಳಿಗೆ ಹೆಣ್ಣು ಹುಟ್ಟಿದೆ. ಇಪ್ಪತ್ತು ದಿನದ ಕೂಸು, ಅದೂ ಬಣ್ಣವಿಲ್ಲದ್ದೇ; ಮುಸುಕಿನ ಜೋಳದ ತೆನೆಯ ಎಳೆಗಳಂಥ ಕೂದಲು, ಬೆಳಕಿಗೆ ಕಣ್ಣು ಬಿಡುವುದಿಲ್ಲ. ನಾಳೆ ಬೆಳಿಗ್ಗೆ ಅದನ್ನು ಅವ್ವನ ಹತ್ತಿರ ತರುತ್ತಾಳೆ. ಅವ್ವ ಹೊಸ ಬೆಣ್ಣೆ ಕಡೆಸಿಟ್ಟಿದ್ದಾಳೆ, ಹಳೆಯ ತೊಗಲನ್ನು ಕೊಡವಿಸಿದ್ದಾಳೆ. ಒಂಬತ್ತು ವರ್ಷಗಳಲ್ಲಿ ಯಾರಿಗಾದರೂ ತನ್ನಿಂದ ಕೆಲಸವಿದೆ ಎಂದು ಅವಳಿಗೆ ಅನಿಸಿದ್ದು ಇದೇ ಮೊದಲು.

ನ್ಯಾಮಿಜಿ ಮೊನ್ನೆಯೇ ಕೀಜಾಳಿಗೆ ಟೋಪಿ, ನೆರಳು, ಉದ್ದ ತೋಳಿನ ಅಂಗಿ ಎಂದೆಲ್ಲ ಹೇಳಿ ನೋಡಿದ್ದಳು.

"ಅತ್ತೆ, ಎಲ್ಲಾರೂ ಇದು ಸಾಯುತ್ತೆ ಅಂತಾರೆ. ಬದುಕುತ್ತೆ ಅಂದೋರು ಅಜ್ಜಿ ಒಬ್ರೇ," ಎಂದಿದ್ದಳು ಆಕೆ. "ನೀವೂ ಹಾಗೇ ಬೆಳೆದೋರಲ್ವಾ?"

ಅದಕ್ಕೆ ಉತ್ತರ ನ್ಯಾಮಿಜಿಯ ಪಟ್ಟಿಯ ಕೆಳಗಿತ್ತು.

ಈಗ ಪಾದದ ಹಿಮ್ಮಡಿ ತಿಕ್ಕುತ್ತಾ, ತಲೆ ಎತ್ತದೆ ಅಂದಳು, "ಅವ್ವ, ಕೂಸನ್ನ ಬಿಸಿಲಿಗೆ ಇಡಬಾರದಂತೆ. ನರ್ಸು ಹೇಳಿದ್ಲು."

"ಅವಳು ನಿನ್ನಂಥವರನ್ನ ಎಷ್ಟು ಜನನ್ನ ಸಾಕಿದಾಳೆ?"

"ಸಾಕಿಲ್ಲ, ಓದಿದಾಳೆ."

"ಓದ್ಕೊಳ್ಲಿ ಬಿಡು. ನಾನು ಒಬ್ಬಳನ್ನ ಸಾಕಿದೀನಿ, ಎದುರಿಗೇ ಕೂತಿದಾಳೆ ಅಂತ ಹೇಳು ಅವಳಿಗೆ." ಅವ್ವನ ಮುಖದಲ್ಲಿ ಜಂಬವಿತ್ತು. "ನಿನ್ನ ಅಪ್ಪ ಎಸಿ ಅಂದ. ನಾನು ಬಿಸಿಲಲ್ಲಿ ಕೂತು ಉಳಿಸಿಕೊಂಡೆ. ಈ ಬಾಳಲ್ಲಿ ಇನ್ನೇನು ಮಾಡಿದೀನಿ ಹೇಳು ನಾನು?"

ನ್ಯಾಮಿಜಿ ಹಿಮ್ಮಡಿಗೆ ಇನ್ನಷ್ಟು ಬೆಣ್ಣೆ ತೆಗೆದುಕೊಂಡಳು. ಅದು ಬೆರಳ ಸಂದಿನಿಂದ ಜಾರಿ ಚಾಪೆಗೆ ಬಿತ್ತು.

"ಬಾ ಇಲ್ಲಿ," ಎಂದಳು ಅವ್ವ. ಕಾಲು ಮುಗಿದ ಮೇಲೆ ಉಳಿದ ಬೆಣ್ಣೆಯನ್ನು ಮಗಳ ಮುಖಕ್ಕೆ ಹಚ್ಚುವುದು ಅವಳ ರೂಢಿ. ನ್ಯಾಮಿಜಿ ಎಂದಿನಂತೆ ಬಲಗೆನ್ನೆಯನ್ನೇ ಒಡ್ಡಿದಳು. ವರ್ಷದಿಂದ ಹೀಗೆಯೇ ನಡೆದಿದೆ. ಬಲಗೆನ್ನೆ ಒರಟು, ಆದರೂ ಅವ್ವನ ಹೆಬ್ಬೆರಳಿಗೆ ಅದು ಮೀನಿನ ಕೆಲಸದವಳ ಒರಟು. ಕಣ್ಣು ಹೋಗುವ ಮೊದಲು ಕಂಡ ಇಪ್ಪತ್ತೊಂಬತ್ತರ ಮಗಳ ಮುಖವನ್ನೇ ಅವಳು ಇಂದಿಗೂ ಸವರುತ್ತಿದ್ದಾಳೆ.

ಬೆರಳು ನಿಧಾನವಾಗಿ ಹಣೆಯವರೆಗೆ ಬಂದು ನಿಂತಿತು. ಅಲ್ಲಿಂದ ಎಡಗೆನ್ನೆಗೆ ಇಳಿದಿದ್ದರೆ ಪಟ್ಟಿ ಸಿಗುತ್ತಿತ್ತು.

ನರ್ಸಿನ ಮಾತನ್ನು ಕೀಜಾ ನಂಬುವುದಿಲ್ಲ. ನ್ಯಾಮಿಜಿಯ ಮಾತನ್ನೂ ನಂಬಲಿಲ್ಲ. ಅವಳು ಕೇಳುವುದು ಅವ್ವನ ಮಾತನ್ನು, ಅವ್ವ ನಂಬುವುದು ತನ್ನದೇ ಬೆರಳುಗಳನ್ನು.

ನಾಳೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೀಜಾ ಕೂತಾಗ, ತೊಗಲು ಹಾಸುವ ಮೊದಲು, ಪಟ್ಟಿ ಬಿಚ್ಚಿ ಎಡಗೆನ್ನೆ ಒಡ್ಡುತ್ತೇನೆ ಎಂದುಕೊಂಡಳು. ಇದೇನು ಎಂದು ಅವ್ವ ಕೇಳಿದರೆ ಮೀನಿನ ಮುಳ್ಳು ಎನ್ನುವುದಿಲ್ಲ. ಆಮೇಲೆ ಆ ಕೈ ಮತ್ತೆ ತನ್ನ ಮುಖದ ಮೇಲೆ ಬರುತ್ತದೋ ಇಲ್ಲವೋ.

"ಯಾಕೆ ಸುಮ್ಮನಾದೆ?" ಎಂದಳು ಅವ್ವ.

"ಏನಿಲ್ಲ ಅವ್ವ. ಬಲಗಾಲಲ್ಲಿ ಒಂಚೂರು ಉಳಿದಂಗಿದೆ," ಎಂದು, ಆಗಲೇ ಮುಗಿದಿದ್ದ ಕಾಲನ್ನು ಮಡಿಲಿಗೆಳೆದುಕೊಂಡು ಪಾದದಿಂದ ಮೇಲಕ್ಕೆ ಮತ್ತೆ ತೀಡತೊಡಗಿದಳು.