ಖಾಲಿ ಗೋಲಿನ ಒಂದು ನಿಮಿಷ

ಮಾನ್ವಿಯ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ದೈಹಿಕ ಶಿಕ್ಷಕನಾಗಿದ್ದವನು ನಾನು, ಹೆಸರು ಮೌನಪ್ಪ. ಹುಡುಗರು ಹಿಂದಿನಿಂದ ನನ್ನನ್ನು ಗಡಿಯಾರ ಎಂದು ಕರೆಯುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ನಮ್ಮ ಕಡೆ ಹತ್ತು ಗಂಟೆಯ ಸಭೆಗೆ ಹನ್ನೆರಡಕ್ಕೆ ಬಂದು, ಬಂದದ್ದೇ ದೊಡ್ಡ ಉಪಕಾರ ಎನ್ನುವಂತೆ ಹಾರ ಹಾಕಿಸಿಕೊಳ್ಳುವವರೇ ಹೆಚ್ಚು. ಅಂಥವರ ನಡುವೆ ಒಬ್ಬನಾದರೂ ಹೊತ್ತು ನೋಡಿ ಬದುಕುತ್ತಾನಲ್ಲ ಎನ್ನುವ ಹಮ್ಮು ನನಗಿತ್ತು. ಜಿಲ್ಲೆಯಲ್ಲಿ ಎಲ್ಲೇ ಫುಟ್‌ಬಾಲ್ ಪಂದ್ಯವಿರಲಿ, ರೆಫರಿ ಕೆಲಸಕ್ಕೆ ನನ್ನನ್ನೇ ಕರೆಯುತ್ತಾರೆ. ಇಲ್ಲಿ ಎಲ್ಲರಿಗೂ ಕ್ರಿಕೆಟ್ಟಿನ ಹುಚ್ಚು. ಫುಟ್‌ಬಾಲಿನ ರೂಲು ಓದಿಕೊಂಡವರು ಬೇರೆ ಯಾರೂ ಸಿಗುವುದಿಲ್ಲ ಎನ್ನುವುದೂ ನಿಜ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಮಾನ್ವಿಯಲ್ಲಿ ಒಂದು ಸೆಮಿಫೈನಲ್ ಇತ್ತು, ಬೆಳಗ್ಗೆ ಒಂಬತ್ತೂವರೆಗೆ. ರಾಯಚೂರಿನ ಹುಡುಗರು ಕ್ರೂಸರ್ ಗಾಡಿ ಮಾಡಿಕೊಂಡು ಬರುತ್ತಿದ್ದರು. ಒಂಬತ್ತಕ್ಕೆ ಅವರ ಗೋಲ್‌ಕೀಪರ್ ಮುಜಾಹಿದ್ ನನಗೆ ಫೋನ್ ಮಾಡಿದ.

"ಸರ್, ಗಾಡಿ ಪಂಚರ್ ಆಗಿತ್ತು. ಇನ್ನೂ ಕಲ್ಲೂರಿನಾಗ ಅದೀವಿ. ಒಂದ್ ಹದಿನೈದು ನಿಮಿಷ ಹಿಂದ ಮುಂದ ಆಗ್ತದ."

"ಒಂಬತ್ತೂವರೆ ಅಂದ್ರ ಒಂಬತ್ತೂವರೆ," ಎಂದೆ. "ಬರಲಿಲ್ಲಂದ್ರ ವಾಕ್ ಓವರ್ ಕೊಡ್ತೀನಿ. ರೂಲ್ ಅದ."

ಒಂಬತ್ತೂವರೆಗೆ ಸರಿಯಾಗಿ, ಎದುರು ತಂಡ ಆಡದೆಯೇ ಗೆದ್ದಿತೆಂದು, ಕಾಗದದ ಮೇಲೆ ವಾಕ್ ಓವರ್ ಎಂದು ಬರೆದು ಸಹಿ ಮಾಡಿದೆ. ಸುದ್ದಿ ಬಂದದ್ದು ಹತ್ತಕ್ಕೆ. ಕಾಲುವೆ ರಸ್ತೆಯಿಂದ ಭತ್ತದ ಚೀಲ ಹೇರಿಕೊಂಡು ಬಂದ ಟ್ರ್ಯಾಕ್ಟರಿಗೆ ಕ್ರೂಸರ್ ಹೊಡೆದಿತ್ತು. ಮುಂದೆ ಕುಳಿತಿದ್ದ ಮುಜಾಹಿದ್ ಮತ್ತು ಡ್ರೈವರ್ ಮೂಕಪ್ಪ ಜಾಗದಲ್ಲೇ ತೀರಿಕೊಂಡಿದ್ದರು. ಟ್ರ್ಯಾಕ್ಟರಿನವನು ಹಿಂದೆ ಮುಂದೆ ನೋಡದೆ ರಸ್ತೆಗೆ ನುಗ್ಗಿದ ಎಂದು ಎಲ್ಲರೂ ಅವನನ್ನೇ ಬೈದರು. ನಾನೂ ಅವರ ಜೊತೆ ಸೇರಿ ಬೈದೆ. ಫೋನಿನ ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮರುವರ್ಷ ಅವರಿಬ್ಬರ ಹೆಸರಿನಲ್ಲಿ ಟೂರ್ನಮೆಂಟು ಶುರುವಾಯಿತು. ರಾಯಚೂರಿನ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮುಷರ್ರಫ್ ಅದರ ಅಧ್ಯಕ್ಷ. ಕೂಡಿಬಂದ ಹಣ ಮೂಕಪ್ಪನ ಇಬ್ಬರು ಹೆಣ್ಣುಮಕ್ಕಳ ಓದಿಗೆ, ಆಮೇಲೆ ಈ ರಸ್ತೆಗಳಲ್ಲಿ ಸತ್ತ ಇನ್ನುಳಿದವರ ಮಕ್ಕಳ ಓದಿಗೆ. ಒಂದು ವರ್ಷ ರಾಯಚೂರು, ಒಂದು ವರ್ಷ ಮಾನ್ವಿ, ಒಂದು ವರ್ಷ ದೇವದುರ್ಗ ಎಂದು ಆಟದ ಊರು ತಿರುಗುತ್ತದೆ. ಫೈನಲ್‌ಗೆ ಮುಂಚೆ ಆ ವರ್ಷ ರಸ್ತೆಯಲ್ಲಿ ತೀರಿಕೊಂಡವರ ಹೆಸರುಗಳನ್ನು ಮೈಕಿನಲ್ಲಿ ಓದುತ್ತಾರೆ. ದಾವಲ್ ಬೀ, ಹುಸೇನಪ್ಪ, ಹೀಗೆ ಯಾರ ಮನೆಯ ಹೆಸರೂ ಬಿಡುವುದಿಲ್ಲ.

ಖಾಲಿ ಗೋಲಿನ ಪದ್ಧತಿಯನ್ನು ತಂದವನು ನಾನು. ಫೈನಲ್‌ನ ಮೊದಲ ಒಂದು ನಿಮಿಷ ಒಂದು ಕಡೆಯ ಗೋಲಿನಲ್ಲಿ ಯಾರೂ ನಿಲ್ಲುವುದಿಲ್ಲ, ಅದು ಮುಜಾಹಿದ್‌ನ ಜಾಗ. ಆ ಕಡೆಯ ಕೀಪರ್ ಕಂಬದ ಆಚೆ ಕೈಕಟ್ಟಿ ನಿಲ್ಲಬೇಕು. ಉಳಿದವರು ಮೈದಾನದ ನಡುವೆ ಒಬ್ಬರಿಗೊಬ್ಬರು ಚೆಂಡು ತಳ್ಳುತ್ತಾ ಹೊತ್ತು ಕಳೆಯಬೇಕು. ನಿಮಿಷ ಮುಗಿದಾಗ ನಾನು ಸೀಟಿ ಊದುತ್ತೇನೆ, ಆಟ ಆಟವಾಗುತ್ತದೆ. ಕೀಪರ್ ಇಲ್ಲದೆ ಪಂದ್ಯ ಶುರು ಮಾಡುವಂತಿಲ್ಲ ಎಂದು ಪುಸ್ತಕ ಹೇಳುತ್ತದೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಜನ ಮಾತ್ರ ಕಣ್ಣೊರೆಸಿಕೊಂಡರು. ಮಾಸ್ತರರ ಮನಸ್ಸು ದೊಡ್ಡದು ಎಂದರು. ನಾನು ಆ ಹೊಗಳಿಕೆಯನ್ನು ಬೇಡ ಎನ್ನದೆ ಜೇಬಿಗೆ ಹಾಕಿಕೊಂಡೆ. ಅಂದಿನಿಂದ ಯಾವ ತಂಡಕ್ಕೂ ವಾಕ್ ಓವರ್ ಕೊಟ್ಟಿಲ್ಲ. ಎಷ್ಟೇ ತಡವಾಗಲಿ, ಕಾಯುತ್ತೇನೆ.

ಮುಜಾಹಿದ್‌ನ ತಾಯಿ ಸರ್ವರಿ ಬೇಗಂ ಪ್ರತಿವರ್ಷ ಬರುತ್ತಾರೆ. ಆ ಗೋಲಿನ ಬಲೆಯ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಪಕ್ಕದಲ್ಲಿ ಡಿಗ್ರಿ ಓದುತ್ತಿರುವ ಮೊಮ್ಮಗಳು ಫರ್ಹೀನ್. ನಾನು ದೂರದಿಂದಲೇ ಕೈಮುಗಿದು ಅಲ್ಲಿಂದ ಜಾರಿಕೊಳ್ಳುತ್ತಿದ್ದೆ. ಈ ವರ್ಷ ಹೇಳಿಯೇ ಬಿಡಬೇಕು, ಆ ಫೋನಿನ ಮಾತು ಅವರಿಗೆ ಗೊತ್ತಾಗಬೇಕು ಎಂದು ಪ್ರತಿ ಸಲ ಮನೆಯಿಂದ ಹೊರಡುವಾಗ ಅಂದುಕೊಳ್ಳುತ್ತಿದ್ದೆ. ಬಹುಮಾನ ಹಂಚಿ ಮುಗಿಯುವ ಹೊತ್ತಿಗೆ ನನಗೆ ಮನೆ ಸೇರುವ ಅವಸರ ಶುರುವಾಗುತ್ತಿತ್ತು. ಹೆದರಿಕೆಗೆ ನಾನು ಕೊಟ್ಟುಕೊಂಡ ಹೆಸರು ಅದು.

ಈ ವರ್ಷ ಆಟ ದೇವದುರ್ಗದಲ್ಲಿ. ಫೈನಲ್‌ಗೆ ಬಂದದ್ದು ರಾಯಚೂರಿನವರು ಮತ್ತು ಮಸರಕಲ್‌ನವರು. ಮಸರಕಲ್ ತಂಡ ನಮ್ಮಲ್ಲಿಗೆ ಬಂದದ್ದೇ ಇದು ಮೊದಲ ಸಲ. ಹೊಲದ ಕೆಲಸದ ಮೈ, ಓಟಕ್ಕೆ ಬಳಲಿಕೆಯೇ ಇಲ್ಲ. ಅವರ ಮುಖ್ಯ ಆಟಗಾರ ಗೌತಮ ಗಬ್ಬೂರಿನ ಖಾಸಗಿ ಶಾಲೆಯೊಂದರಲ್ಲಿ ಮಾಸ್ತರ. ಹಿಂದಿನ ಆಟಗಳಿಗೆ ಅವನಿಗೆ ರಜೆ ಸಿಕ್ಕಿರಲಿಲ್ಲ. ಫೈನಲ್ ದಿನವೂ ಶಾಲೆ ಮುಗಿಸಿ ಬಸ್ಸಿಗೆ ಬರುವವನಿದ್ದ.

ನಾಲ್ಕಕ್ಕೆ ಆಟ. ಗಬ್ಬೂರಿನ ಬಸ್ಸಿನ ಸುಳಿವಿಲ್ಲ. ಮಸರಕಲ್‌ನವರು ನನ್ನ ಸುತ್ತ ನಿಂತು, "ಸರ್, ಗೌತಮ ಹಾದ್ಯಾಗ ಅದಾನ್ರಿ, ಸ್ವಲ್ಪ ತಡೀರಿ," ಎಂದರು. ತಡೆದೆ. ಆ ಹೊತ್ತಿನಲ್ಲಿ ಮುಷರ್ರಫ್ ಮೈಕ್ ಹಿಡಿದು ಹನ್ನೊಂದು ಹೆಸರು ಓದಿದ, ಖಾಲಿ ಗೋಲಿನ ಪದ್ಧತಿಯನ್ನು ವಿವರಿಸಿದ, ಆಮೇಲೆ ಯಾರೂ ಕೇಳದಿದ್ದರೂ ಭಾಷಣವನ್ನೂ ಮಾಡಿದ. ಮೈಕ್ ಸಿಕ್ಕಿದರೆ ಮುಷರ್ರಫ್‌ನ ಕೈಯಿಂದ ಅದನ್ನು ಬಿಡಿಸುವುದು ಕರೆಂಟ್ ಇಲಾಖೆಯವರಿಂದ ಮಾತ್ರ ಸಾಧ್ಯ. ನಾಲ್ಕೂ ನಲವತ್ತಕ್ಕೆ ಗೌತಮ ಹೆಗಲ ಮೇಲೆ ಚೀಲ ಹೊತ್ತು ಓಡುತ್ತಾ ಬಂದ. ಬೇವಿನ ಮರದ ಹಿಂದೆ ಅಂಗಿ ಬದಲಿಸಿ, ಲೇಸು ಕಟ್ಟುತ್ತಲೇ ಮೈದಾನಕ್ಕಿಳಿದ. ಪದ್ಧತಿಯ ವಿಷಯ ಅವನಿಗೆ ಯಾರೂ ಹೇಳಲಿಲ್ಲ. ಒಬ್ಬನಿದ್ದರೆ ಹೇಳುತ್ತಿದ್ದನೇನೋ. ಹತ್ತು ಜನರಿದ್ದರು, ಇನ್ನೊಬ್ಬ ಹೇಳಿರುತ್ತಾನೆ ಎಂದು ಹತ್ತೂ ಜನ ಸುಮ್ಮನಿದ್ದರು.

ನಾನು ಸೀಟಿ ಊದಿದೆ. ಖಾಲಿ ಬಿಡಬೇಕಾದ ಗೋಲು ರಾಯಚೂರಿನವರದಾಗಿತ್ತು. ಅವರ ಕೀಪರ್ ಮುಜಾಹಿದ್‌ನ ತಮ್ಮ ಶಂಶುದ್ದೀನ್. ಕಂಬದ ಆಚೆ ತಲೆ ತಗ್ಗಿಸಿ ನಿಂತಿದ್ದ. ರಾಯಚೂರಿನ ಹುಡುಗನೊಬ್ಬ ಮರ್ಯಾದೆಗೆಂದು ಚೆಂಡನ್ನು ಮೆಲ್ಲಗೆ ಎದುರಿನವರ ಕಡೆ ತಳ್ಳಿದ. ಅದು ಹೋಗಿ ನಿಂತದ್ದು ಗೌತಮನ ಕಾಲ ಬುಡದಲ್ಲಿ. ಗೌತಮ ತಲೆ ಎತ್ತಿ ನೋಡಿದ. ಗೋಲಿನಲ್ಲಿ ಕೀಪರ್ ಇಲ್ಲ. ಇಂಥ ಅದೃಷ್ಟ ಯಾರಿಗೆ ಬರುತ್ತದೆ? ಅಲ್ಲಿಂದಲೇ ಬೀಸಿ ಒದ್ದ.

ಚೆಂಡು ಎರಡು ಸಲ ಪುಟಿಯಿತು, ಆಮೇಲೆ ನೆಲ ಹಿಡಿದು ಉರುಳಿತು. ಅದನ್ನು ತಡೆಯಲು ಶಂಶುದ್ದೀನ್ ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಅವನು ಇಡಲಿಲ್ಲ. ಚೆಂಡು ಗೆರೆ ದಾಟಿ ಬಲೆಗೆ ತಗುಲಿ ಸರ್ವರಿ ಬೇಗಂ ಅವರ ಕಾಲಿನೆದುರಿಗೆ ನಿಂತಿತು. ಗೌತಮ ಎರಡೂ ಕೈ ಮೇಲೆತ್ತಿ ಕುಣಿಯುತ್ತಾ ಓಡಿದ. ಅರ್ಧ ಮೈದಾನ ಓಡಿದ ಮೇಲೆ ತನ್ನ ಹಿಂದೆ ಯಾರೂ ಓಡಿ ಬರುತ್ತಿಲ್ಲ ಎಂದು ಅವನಿಗೆ ಗೊತ್ತಾಯಿತು.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ರಾಯಚೂರಿನ ನಾಲ್ಕು ಜನ ಗೌತಮನ ಮೇಲೆ ಏರಿ ಹೋದರು. "ಸತ್ತವನಿಗೆ ಗೋಲ್ ಹೊಡಿತೀಯೇನಲೇ?" ಎಂದು ಒಬ್ಬ ಕೂಗಿದ. ಮಸರಕಲ್‌ನವರು ನಡುವೆ ಬಂದು ಬಿಡಿಸಿದರು. ಯಾರೋ ವಿಷಯ ತಿಳಿಸಿದ ಮೇಲೆ ಗೌತಮನ ಮುಖ ಇಳಿದುಹೋಯಿತು. ನನ್ನ ಹತ್ತಿರ ಬಂದ.

"ಸರ್, ದೇವರಾಣಿ ನನಗ ಗೊತ್ತಿರ್ಲಿಲ್ರಿ. ಗೋಲ್ ಬ್ಯಾಡ, ತೆಗೀರಿ."

ಮುಷರ್ರಫ್ ಮೈದಾನದೊಳಗೆ ಬಂದು ನನ್ನ ಮೊಣಕೈ ಹಿಡಿದ. "ಮಾಸ್ತರ, ಹುಡುಗನೇ ಬ್ಯಾಡ ಅನ್ನಾಕತ್ತಾನ. ಕ್ಯಾನ್ಸಲ್ ಮಾಡ್ರಿ, ಮತ್ತೊಮ್ಮೆ ಶುರು ಮಾಡೋಣ. ಯಾರಿಗೇನ್ ನಷ್ಟ?"

ಮಾತು ಸರಿಯಾಗಿಯೇ ಇತ್ತು. ಹೊಡೆದವನೇ ಬೇಡ ಎಂದ ಮೇಲೆ ನನ್ನ ಕೆಲಸ ಸುಲಭ. ಆದರೂ ಸೀಟಿ ಬಾಯಿಗೆ ಹೋಗಲಿಲ್ಲ. ಸೀಟಿ ಊದಿ ಆಟ ಶುರು ಮಾಡಿದವನು ನಾನೇ, ಚೆಂಡು ಗೆರೆ ದಾಟಿದ್ದನ್ನು ನೋಡಿದವನೂ ನಾನೇ. ನೋಡಿದ್ದನ್ನು ನೋಡಿಲ್ಲ ಎನ್ನುವ ಅಭ್ಯಾಸ ಈ ಮೈದಾನದ ಹೊರಗೆ ನನಗೆ ಆರು ವರ್ಷದಿಂದ ಇದೆ. ಮೈದಾನದ ಒಳಗೆ ಇರಲಿಲ್ಲ.

ಅಷ್ಟರಲ್ಲಿ ಫರ್ಹೀನ್ ಗೆರೆಯ ಹತ್ತಿರ ಬಂದು ನಿಂತಳು. "ಸರ್, ನಮ್ಮ ಅಜ್ಜಿ ಕರಿಯಾಕತ್ತಾರ್ರಿ."

ಮಗನಿಗೆ ಇಟ್ಟ ಮರ್ಯಾದೆ ಹೀಗಾಯಿತಲ್ಲ ಎಂದು ಅಳುತ್ತಾರೆ, ಗೋಲು ತೆಗೆದುಬಿಟ್ಟೆ ಅಮ್ಮಾರ ಎಂದು ಸಮಾಧಾನ ಹೇಳಿ ಬಂದರಾಯಿತು ಎಂದುಕೊಂಡು ಹೋದೆ. ಅವರು ಅಳುತ್ತಿರಲಿಲ್ಲ. ಫರ್ಹೀನ್‌ಗೆ ದೂರ ಹೋಗೆಂದು ಕೈಸನ್ನೆ ಮಾಡಿದರು. ಬಲೆಯ ಆ ಕಡೆ ಅವರು, ಈ ಕಡೆ ನಾನು.

"ಆ ಹುಡುಗನ ಬಸ್ಸಿಗೆ ಎಷ್ಟೊತ್ತು ಕಾದ್ರಿ ಮಾಸ್ತರ?"

"ನಲವತ್ತು ನಿಮಿಷ ಅಮ್ಮಾರ."

"ನಲವತ್ತು," ಎಂದರು. "ಹೋದ ವರ್ಷ ದೇವದುರ್ಗದವರಿಗೆ ಅರ್ಧ ತಾಸು ಕಾದ್ರಿ. ಅದಕ್ಕೂ ಹಿಂದಿನ ವರ್ಷಾನೂ ಕಾದ್ರಿ. ನಾ ಇಲ್ಲೇ ಕುಂತು ನೋಡ್ತೀನಿ."

ನಾನು ಸೀಟಿಯನ್ನು ಜೇಬಿಗೆ ಹಾಕಿಕೊಂಡೆ.

"ಆವತ್ತ ನಿಮ್ಮ ಜೋಡಿ ಮಾತಾಡಿದ ಮ್ಯಾಲ ಮುಜಾಹಿದ್ ನನಗೂ ಫೋನ್ ಮಾಡಿದ್ದ. ಅಮ್ಮಿ, ಮಾಸ್ತರ ಬಿಡಂಗಿಲ್ಲ ಅಂತಾರ, ಮೂಕಪ್ಪಗ ಗಾಡಿ ಜೋರ್ ಹೊಡಿ ಅಂದೀನಿ, ದುವಾ ಮಾಡು ಅಂದ. ನಗಾಕತ್ತಿದ್ದ."

ಹಿಂದೆ ಮೈದಾನದಲ್ಲಿ ಯಾರೋ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ನನ್ನ ಕೈ ಬಲೆಯನ್ನು ಹಿಡಿದುಕೊಂಡಿತ್ತು. ಆರು ವರ್ಷ ನಾನು ಬಚ್ಚಿಟ್ಟಿದ್ದೇನೆ ಎಂದುಕೊಂಡದ್ದು ಮೊದಲ ದಿನದಿಂದಲೇ ಈ ಹೆಂಗಸಿಗೆ ಗೊತ್ತಿತ್ತು. ಪ್ರತಿವರ್ಷ ಆ ಒಂದು ನಿಮಿಷ ಖಾಲಿ ಗೋಲಿನ ಹಿಂದೆ ಕುಳಿತು, ಇವನು ಇಂದಾದರೂ ಬಾಯಿ ಬಿಡುತ್ತಾನೇನೋ ಎಂದು ಅವರು ನನ್ನನ್ನೇ ನೋಡುತ್ತಿದ್ದರು.

"ಸತ್ತ ಮ್ಯಾಲ ಅವನಿಗೆ ಒಂದು ನಿಮಿಷ ಬಿಟ್ಟೀರಿ," ಎಂದರು ಸರ್ವರಿ ಬೇಗಂ. "ಇದ್ದಾಗ ಹದಿನೈದು ನಿಮಿಷ ಯಾಕ ಬಿಡ್ಲಿಲ್ಲ?"

ದನಿ ಏರಿಸಿರಲಿಲ್ಲ. ಅಂಗಡಿಯಲ್ಲಿ ಬೆಲೆ ಕೇಳುವವರ ಹಾಗೆ ಕೇಳಿದರು. ರೂಲು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಮೂವತ್ತು ವರ್ಷ ಅದೇ ಮಾತು ಹೇಳಿ ಅಭ್ಯಾಸ. ಆದರೆ ಎದುರಿಗೆ ಕುಳಿತವರು ಉತ್ತರಕ್ಕಾಗಿ ಆರು ವರ್ಷ ಕಾದವರು.

"ಟೀಮ್ ತಡ ಆದ್ರ ಇಷ್ಟೊತ್ತಿಗೆ ವಾಕ್ ಓವರ್ ಕೊಡಬೇಕಂತ ರೂಲ್ ಪುಸ್ತಕದಾಗ ಎಲ್ಲೂ ಬರ್ದಿಲ್ಲ ಅಮ್ಮಾರ," ಎಂದೆ. "ಅದು ನಾನೇ ಮಾಡಿಕೊಂಡ ರೂಲು. ಗಡಿಯಾರ ಮಾಸ್ತರ ಅಂತ ಜನ ಅನ್ಲಿ ಅಂತ. ಕಾಯಬಹುದಿತ್ತು. ಕಾಯಲಿಲ್ಲ."

ಅವರು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡರು.

"ಅವನಿಗೆ ನಿಮ್ಮ ಮ್ಯಾಲ ಸಿಟ್ಟಿರಲಿಲ್ಲ," ಎಂದರು. "ನನಗ ಅದ. ನಾ ಸಾಯೂತನಕ ಇರ್ತದ. ಹೋಗ್ರಿ ಮಾಸ್ತರ, ಜನ ಕಾಯಾಕತ್ತಾರ."

"ಗೋಲ್ ಏನು ಮಾಡ್ಲಿ ಅಮ್ಮಾರ?"

"ಅದನ್ನೂ ನನ್ನನ್ನ ಕೇಳ್ತೀರೇನು?"

ಮೈದಾನದ ನಡುವಿಗೆ ಹೋಗಿ ಕೈ ಚಾಚಿ ತೋರಿಸಿದೆ. ಗೋಲು. ರಾಯಚೂರಿನ ಕಡೆಯಿಂದ ಬೈಗುಳ ಬಂದವು, ಒಂದು ಚಪ್ಪಲಿಯೂ ಬಂತು. ಮುಷರ್ರಫ್, "ಏನ್ ಮಾಡೀರಿ ಮಾಸ್ತರ? ಆ ತಾಯಿ ಏನಂದ್ರು?" ಎಂದು ಕೇಳಿದ. ಆಟ ಮುಗಿದ ಮೇಲೆ ಮೈಕಿನಲ್ಲಿ ಎಲ್ಲರಿಗೂ ಹೇಳುತ್ತೇನೆ, ಒಂಬತ್ತು ಗಂಟೆಯ ಫೋನಿನಿಂದ ಹಿಡಿದು ಎಲ್ಲವನ್ನೂ ಹೇಳುತ್ತೇನೆ ಎಂದೆ. ಯಾವ ಫೋನು ಎಂದು ಅವನಿಗೆ ತಿಳಿಯಲಿಲ್ಲ.

ಶಂಶುದ್ದೀನ್ ಬಲೆಯಿಂದ ಚೆಂಡು ತೆಗೆದು ನಡುವಿಗೆ ಎಸೆದ. ಕೈಗವಸು ಬಿಗಿ ಮಾಡಿಕೊಂಡು ಎರಡು ಕಂಬಗಳ ನಡುವೆ ಬಂದು ನಿಂತ. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆ. ಹಾಗೇನೂ ಆಗಲಿಲ್ಲ. ಆಟ ಮುಗಿಯಲು ಇನ್ನೂ ಎಂಬತ್ತೊಂಬತ್ತು ನಿಮಿಷವಿತ್ತು. ಚೆಂಡು ಆ ಗೋಲಿನ ಕಡೆ ಹೋದಾಗಲೆಲ್ಲ ರೆಫರಿಯಾದವನು ಅದರ ಹಿಂದೆ ಓಡಲೇಬೇಕು. ಪ್ರತಿ ಸಲವೂ ಅವರ ಕುರ್ಚಿಯ ಎದುರಿಗೇ ಓಡಿದೆ, ಪ್ರತಿ ಸಲವೂ ಅವರು ನನ್ನನ್ನೇ ನೋಡುತ್ತಿದ್ದರು.