ನೋಡೋಣಪ್ಪನವರ ಕೆಲಸ ಮಾಡಿದ ಬ್ರೌಸರ್

ಆರಾಮಾಗಿ ಕೂತು ಕೆಲಸ ಮಾಡುವವರನ್ನು ಕಂಡರೆ ನಮ್ಮ ಮ್ಯಾನೇಜರಿಗೆ ಆಗುವುದಿಲ್ಲ. ಕೀಬೋರ್ಡು ಟಕಟಕ ಎನ್ನುತ್ತಿರಬೇಕು, ಹಣೆಯಲ್ಲಿ ಒಂದಿಷ್ಟು ಬೆವರಾದರೂ ಇರಬೇಕು. ನನ್ನ ಕೆಲಸವೋ ತದ್ವಿರುದ್ಧ. ಕಂಪನಿಯ ಚಪ್ಪಲಿ ಮಾರುವ ವೆಬ್‌ಸೈಟು ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಾನು ಕೋಡ್ ಬರೆದಿಡುತ್ತೇನೆ. ಅದನ್ನು ಓಡಿಸಿದರೆ ಬ್ರೌಸರ್ ತಾನಾಗಿ ತೆರೆದುಕೊಂಡು, ಚಪ್ಪಲಿ ಆರಿಸಿ, ಅಳತೆ ಬದಲಿಸಿ, ಎಲ್ಲಾದರೂ ಎಡವಿದರೆ ಕೆಂಪಕ್ಷರದಲ್ಲಿ ದೂರು ಹೇಳುತ್ತದೆ. ಅದು ದುಡಿಯುವಾಗ ನಾನು ಕಾಫಿ ಕುಡಿಯುತ್ತೇನೆ.

ಈ ಕಾಫಿಯೇ ಅವರ ಕಣ್ಣು ಕುಕ್ಕಿದ್ದು. ತಿಂಗಳ ಕೊನೆಗೆ ನನ್ನ ಕೆಲಸದ ಅವಧಿ ಮುಗಿಯುತ್ತಿತ್ತು. ಮುಂದುವರಿಸಿ ಎಂಬ ನನ್ನ ಅರ್ಜಿ ಕಚೇರಿಯ ಅರ್ಜಿಗಳ ಸೈಟಿನಲ್ಲಿ, ಅವರ ಖಾತೆಯಲ್ಲಿ ಉತ್ತರವಿಲ್ಲದೆ ಕೂತಿತ್ತು. ಉತ್ತರ ಬಂದರೂ ಏನು ಬಂದೀತು? ರಜೆ ಕೇಳಿದರೆ "ನೋಡೋಣ", ಮುರಿದ ಕುರ್ಚಿ ಬದಲಿಸಿ ಎಂದರೆ "ನೋಡೋಣ". ಬೆನ್ನ ಹಿಂದೆ ನಾವೆಲ್ಲ ಅವರನ್ನು ನೋಡೋಣಪ್ಪ ಎಂದೇ ಕರೆಯುತ್ತಿದ್ದೆವು. ಕೆಲಸ ಹೋದರೆ ನನಗೆ ಅಣ್ಣನ ಮನೆಯೇ ಗತಿ. ಅತ್ತಿಗೆ ಒಳ್ಳೆಯವಳೇ, ಆದರೆ ಅವಳ ಮಕ್ಕಳ ಲೆಕ್ಕದ ಪಾಠ ನನ್ನ ತಲೆಗೆ ಕಟ್ಟುತ್ತಾಳೆ. ಅದಕ್ಕಿಂತ ನರಕ ವಾಸಿ.

ಅಂದು ಕಂಪನಿಯ ಯಜಮಾನಿ ನಮ್ಮ ಕೋಣೆಗೆ ಬಂದರು. ಮ್ಯಾನೇಜರ್ ಅವರನ್ನು ನೇರ ನನ್ನ ಮೇಜಿನ ಬಳಿಗೇ ಕರೆತಂದರು. ಪರದೆಯ ಮೇಲೆ ಬ್ರೌಸರ್ ಎತ್ತರ ಹಿಮ್ಮಡಿಯ ಚಪ್ಪಲಿ ಆರಿಸುತ್ತಿತ್ತು, ನನ್ನ ಕೈಯಲ್ಲಿ ಲೋಟವಿತ್ತು.

"ನೋಡಿ ಮೇಡಂ, ಎಲ್ಲಾ ಅದೇ ಮಾಡ್ಕೊಳ್ಳುತ್ತೆ. ಇನ್ನು ಇವರು ಯಾಕೆ ಬೇಕು ಅಂತ?"

ನನಗೆ ಮೈಯೆಲ್ಲ ಉರಿದುಹೋಯಿತು. ಒಲೆ ಇದೆಯಲ್ಲ, ಅಡುಗೆಯವಳು ಯಾಕೆ ಎಂದ ಹಾಗಾಯಿತು ಈ ನ್ಯಾಯ.

"ಸರ್ ಹೇಳೋದು ಸರಿ ಮೇಡಂ," ಎಂದೆ, ಬೆಣ್ಣೆಯಂಥ ದನಿಯಲ್ಲಿ. "ಅವರ ಕೆಲಸಾನೂ ಇದು ಮಾಡುತ್ತೆ. ತೋರಿಸ್ಲಾ?"

ಯಜಮಾನಿ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ನಾಲ್ಕಾರು ಸಾಲು ಬರೆದೆ, ಅಷ್ಟೇ. ಅರ್ಜಿಗಳ ಪುಟ ತೆರೆ, ಉತ್ತರವಿಲ್ಲದ್ದು ಕಂಡರೆ "ನೋಡೋಣ" ಎಂದು ಬರೆ, ಕಳಿಸು, ಮುಂದಿನದಕ್ಕೆ ನಡೆ. ಹೊಸ ಬ್ರೌಸರ್ ತೆರೆಯಿತು. "ಪಾಸ್‌ವರ್ಡ್ ನೀವೇ ಹಾಕಿ ಸರ್," ಎಂದೆ. ಯಜಮಾನಿ ನೋಡುತ್ತಿದ್ದರಲ್ಲ, ಇಲ್ಲವೆನ್ನಲಾರದೆ ಹಾಕಿದರು.

ಆಮೇಲೆ ಶುರುವಾಯಿತು. ರಜೆಗೆ ನೋಡೋಣ, ಕುರ್ಚಿಗೆ ನೋಡೋಣ, ಸೋರುವ ನಲ್ಲಿಗೆ ನೋಡೋಣ. ಯಾರೂ ಮುಟ್ಟದೆಯೇ ಅಕ್ಷರಗಳು ಮೂಡುತ್ತಿದ್ದವು, ಗುಂಡಿ ಒತ್ತಿಕೊಳ್ಳುತ್ತಿತ್ತು. ಯಜಮಾನಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಹಸಿರಕ್ಷರ ಬಂತು: ಪರೀಕ್ಷೆ ಪಾಸು.

ಆಗ ಪಕ್ಕದ ಮೇಜಿನ ಅಕ್ಕ ನನ್ನ ತೋಳು ಚಿವುಟಿದಳು. "ಅಯ್ಯೋ ನಿನ್ನ! ಇದು ನಕಲಿ ಸೈಟಲ್ಲ ಕಣೇ, ಅಸಲಿ!"

ಚಪ್ಪಲಿಯದಾಗಲಿ ಅರ್ಜಿಗಳದಾಗಲಿ, ಪರೀಕ್ಷೆಗೆಂದೇ ಪ್ರತಿ ಸೈಟಿನ ಒಂದು ನಕಲು ಇಟ್ಟಿರುತ್ತೇವೆ, ಅಲ್ಲಿ ಏನು ಕೆಡಿಸಿದರೂ ನಡೆಯುತ್ತದೆ. ಸಿಟ್ಟಿನ ಭರದಲ್ಲಿ ನಾನು ಅಸಲಿಗೇ ಕೈ ಹಾಕಿದ್ದೆ. ಪಟ್ಟಿಯ ತುದಿಯಲ್ಲಿ ನನ್ನ ಅರ್ಜಿಯಿತ್ತು. ಅದಕ್ಕೂ "ನೋಡೋಣ" ಹೋಗಿತ್ತು. ನಾನು ಬರೆದ ಕೋಡೇ ನನ್ನ ಹೊಟ್ಟೆಯ ಮೇಲೆ ಹೊಡೆದಿತ್ತು.

ಮ್ಯಾನೇಜರರ ಮುಖ ಅರಳಿತು. "ನಾನೇನೂ ಮಾಡಿಲ್ಲ ಮೇಡಂ. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕ್ಕೊಂಡ್ರು."

"ಹೌದು," ಎಂದರು ಯಜಮಾನಿ ಕಣ್ಣೊರೆಸಿಕೊಳ್ಳುತ್ತ. "ಆದ್ರೆ ನಿಮ್ಮ ಕೆಲಸ ಇಷ್ಟೇ ಆದ್ರೆ ನೀವ್ಯಾಕೆ ಬೇಕು? ಇದಕ್ಕೆ ಬರದೇ ಇರೋದು ನಿಮಗೇನು ಬರುತ್ತೆ, ಸ್ವಲ್ಪ ತೋರಿಸಿ."

ಮ್ಯಾನೇಜರ್ ಪರದೆಯನ್ನೇ ದಿಟ್ಟಿಸಿದರು. ಅಲ್ಲಿ "ಒಪ್ಪಿಗೆ" ಎಂಬ ಇನ್ನೊಂದು ಗುಂಡಿಯಿತ್ತು. ಅವರು ಅದನ್ನು ಒತ್ತಿದ್ದನ್ನು ಈ ಕೋಣೆಯಲ್ಲಿ ಯಾರೂ ಕಂಡವರಿಲ್ಲ. ಮೌಸು ಹಿಡಿದರು. ನನ್ನ ಅರ್ಜಿ ತೆರೆದು ಒತ್ತಿಯೇಬಿಟ್ಟರು. ಒಮ್ಮೆ ಒತ್ತಿದ್ದೇ ತಡ, ಕೈ ನಿಲ್ಲಲೇ ಇಲ್ಲ. ರಜೆಗೂ ಒಪ್ಪಿಗೆ, ಕುರ್ಚಿಗೂ ಒಪ್ಪಿಗೆ, ನಲ್ಲಿಗೂ ಒಪ್ಪಿಗೆ.

ಯಜಮಾನಿ ಹೋದ ಮೇಲೆ ಮ್ಯಾನೇಜರ್ ನನ್ನ ಮೇಜಿನತ್ತ ಬಾಗಿ ಪಿಸುಗುಟ್ಟಿದರು. "ಆ ಒಪ್ಪಿಗೆ ಗುಂಡಿ ಒತ್ತೋದನ್ನ ಮಾತ್ರ ಅದಕ್ಕೆ ಕಲಿಸ್ಬೇಡಮ್ಮಾ."

ಪಾಪ ಅನ್ನಿಸಿತು, ನಿಜವಾಗಿಯೂ. ಕಲಿಸುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಅಲ್ಲೇ ನಿಂತಿರುವಾಗಲೇ ಬರುವ ವರ್ಷಕ್ಕೂ ಮುಂದುವರಿಸಿ ಎಂಬ ಅರ್ಜಿಯನ್ನೂ ಬರೆದು ಕಳಿಸಿಬಿಟ್ಟೆ.